ಎರಡು ವಾರದ ಪೆನ್ನು ಮೂರು ವಾರಕ್ಕೆ ಬಂತು: ಅಡಲಿಮುಮ್ಯಾಬ್ ಜತೆ ನಾಲ್ಕನೇ ವರ್ಷ

ಭಾನುವಾರ ದೋಸೆ ಮುಗಿದ ಮೇಲೆ ಪೆನ್ನನ್ನು, ಅಂದರೆ ನನ್ನ ಚರ್ಮರೋಗದ ಔಷಧ ಅಡಲಿಮುಮ್ಯಾಬ್ ತುಂಬಿದ ಚುಚ್ಚುಮದ್ದನ್ನು, ಫ್ರಿಜ್ಜಿನಿಂದ ತೆಗೆದು ಜಗಲಿ ಮೇಲಿಡುತ್ತೇನೆ. ಅರ್ಧ ಗಂಟೆ ಬಿಟ್ಟು ಚುಚ್ಚಿಕೊಂಡರೆ ಉರಿ ಕಡಿಮೆ. ಅಷ್ಟರೊಳಗೆ ಕೊಟ್ಟಿಗೆಗೆ ಹುಲ್ಲು ಹಾಕಿ ಕೈ ತೊಳೆದು ಬರುತ್ತೇನೆ. ಒಂದು ಸಲ ಬಲತೊಡೆ, ಮುಂದಿನ ಸಲ ಎಡತೊಡೆ. ಆಮೇಲೆ ಗೋಡೆ ಕ್ಯಾಲೆಂಡರಿನಲ್ಲಿ ಆ ತಾರೀಕಿಗೊಂದು ಸುತ್ತು.

ನಮ್ಮದು ತೀರ್ಥಹಳ್ಳಿ ಕಡೆಯ ಅಡಕೆ ತೋಟದ ಮನೆ. ಚರ್ಮ ಕೆಂಪಾಗಿ ಹೊಟ್ಟೇಳುವ ಸೋರಿಯಾಸಿಸ್ ಹೆಚ್ಚಿದ್ದಾಗ, ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಕೂತರೆ ಮೊಣಕೈಯ ಹೊಟ್ಟು ಅಡಕೆ ಮೇಲೇ ಉದುರುತ್ತಿತ್ತು. ಎಲ್ಲರಿಂದ ದೂರ ಒಂದು ಮೂಲೆಯಲ್ಲಿ ಕೂರುತ್ತಿದ್ದೆ. ಕ್ಷಯದ ಪರೀಕ್ಷೆ, ಎದೆಯ ಎಕ್ಸ್-ರೇ ಮುಗಿಸಿ ಈ ಔಷಧ ಶುರು ಮಾಡಿದ ನಾಲ್ಕೇ ತಿಂಗಳಿಗೆ ಚರ್ಮ ತಿಳಿಯಾಯಿತು. ಆ ಋಣ ನನಗೆ ಎಂದೂ ತೀರದು.

ಪುಷ್ಯ ಮಳೆಗೆ ಎರಡು ದಿನ ಕರೆಂಟು ಹೋದಾಗ ಅಳುವೇ ಬಂದಿತ್ತು. ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ವಸ್ತು. 25 ಡಿಗ್ರಿ ಮೀರದಿದ್ದರೆ 14 ದಿನ ಹೊರಗಿದ್ದರೂ ಕೆಡದು ಎಂದು ಪೆಟ್ಟಿಗೆಯ ಚೀಟಿಯಲ್ಲಿ ಓದಿದ ಮೇಲೆ ಜೀವ ಬಂತು. ಆ ಮಳೆಯಲ್ಲಿ ನಮ್ಮ ಒಳಮನೆ ಅಷ್ಟು ಬಿಸಿಯಾಗುವುದೇ ಇಲ್ಲ.

ನನಗೆ ಬೇಸರ ತಂದದ್ದು ಡೋಸ್. ಮೊದಲ ದಿನ 80 ಮಿಲಿಗ್ರಾಂ, ಒಂದು ವಾರ ಬಿಟ್ಟು 40, ಅಲ್ಲಿಂದ ಎರಡು ವಾರಕ್ಕೊಮ್ಮೆ 40. ಇದೇ ರೋಗದ ಇನ್ನೊಂದು ಚುಚ್ಚುಮದ್ದು ಉಸ್ಟೆಕಿನುಮ್ಯಾಬ್‌ನಲ್ಲಿ 100 ಕೆಜಿ ದಾಟಿದವರಿಗೆ 45ರ ಬದಲು 90 ಮಿಲಿಗ್ರಾಂ ಕೊಡುತ್ತಾರೆ. ಇದರಲ್ಲಿ ಆ ಲೆಕ್ಕವೇ ಇಲ್ಲ, 48 ಕೆಜಿಯ ನನಗೂ 105 ಕೆಜಿಯವರಿಗೂ ಅದೇ ಪೆನ್ನು. ಮೊದಲು ತೋರಿಸುತ್ತಿದ್ದ ಕಡೆ ಎರಡು ವರ್ಷ ಇದನ್ನು ಯಾರೂ ಯೋಚಿಸಲಿಲ್ಲ. ವರ್ಷಕ್ಕೆ 26 ಪೆನ್ನು, ಅಡಕೆ ದುಡ್ಡಿನ ದೊಡ್ಡ ಪಾಲು ಅಲ್ಲಿಗೇ. ಒಂದು ಮಾಗಿಯಲ್ಲಿ ದುಡ್ಡು ಸಾಲದೆ ಯಾರನ್ನೂ ಕೇಳದೆ ಎರಡು ಡೋಸ್ ಬಿಟ್ಟೆ. ಮೊಣಕೈ, ಬೆನ್ನು ಎರಡೂ ಕೆಂಪಾದವು.

ಶಿವಮೊಗ್ಗದಲ್ಲಿ ಈಗ ನೋಡುವ ಡಾಕ್ಟರು ಬೈಯಲಿಲ್ಲ, ಬಿಡಿಸಿ ಹೇಳಿದರು. ಹಾಗೆ ಬಿಟ್ಟು ಬಿಟ್ಟು ತೆಗೆದುಕೊಂಡರೆ ದೇಹ ಔಷಧದ ವಿರುದ್ಧವೇ ಪ್ರತಿಕಾಯ (ಅದನ್ನು ತಡೆಯುವ ಪ್ರೋಟೀನು) ಕಟ್ಟಿ, ಮುಂದೆ ಅದು ಹತ್ತದೇ ಹೋಗಬಹುದಂತೆ. ಮತ್ತೆ ಆರು ತಿಂಗಳು ತಪ್ಪದೆ ಚುಚ್ಚಿಸಿಕೊಂಡು ಚರ್ಮ ತಿಳಿಯಾದ ಮೇಲೆ, ಮುಂದಿನ ಡೋಸಿಗೆ ಮುಂಚಿನ ದಿನ ರಕ್ತ ತೆಗೆಸಿ ಬೆಂಗಳೂರಿಗೆ ಕಳಿಸಿದರು. ಔಷಧದ ಮಟ್ಟ ಸಾಮಾನ್ಯವಾಗಿ ಮಿಲಿಲೀಟರಿಗೆ 3.5ರಿಂದ 7 ಮೈಕ್ರೋಗ್ರಾಂ ಇದ್ದರೆ ಸಾಕು. ನನ್ನದು 9ರ ಮೇಲಿತ್ತು! ನೆದರ್ಲೆಂಡ್ಸಿನಲ್ಲಿ ಎರಡು ಡೋಸಿನ ನಡುವಿನ ಅಂತರ ಹೆಚ್ಚಿಸಿ ನೋಡಿದ 2020ರ ಅಧ್ಯಯನದ ವಿಷಯವನ್ನೂ ಹೇಳಿದರು: ಡೋಸ್ ಇಳಿಸಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಂದು ವರ್ಷ ಅದು ಒಗ್ಗಿತ್ತು, ಉಳಿದವರಿಗೆ ಒಗ್ಗಲಿಲ್ಲ.

ಅವರು ಹೇಳಿದಂತೆ ಮೂರು ವಾರಕ್ಕೊಂದು ಮಾಡಿಕೊಂಡು 14 ತಿಂಗಳಾಯಿತು. ವರ್ಷಕ್ಕೆ ಒಂಬತ್ತು ಪೆನ್ನು ಉಳಿಯುತ್ತದೆ, ಅದು ಮಗಳ ಹಾಸ್ಟೆಲ್ಲಿಗೆ ಹೋಗುತ್ತಿದೆ. ಈ ಜನವರಿಯ ಒಣ ಚಳಿಗೆ ಎಡ ಮೊಣಕೈಯಲ್ಲಿ ರೂಪಾಯಿಯಷ್ಟಗಲದ ಕಲೆ ಎದ್ದಿದೆ. ಮುಲಾಮು ಹಚ್ಚಿ ಕಾಯೋಣ, ಹರಡಿದರೆ ಎರಡು ವಾರಕ್ಕೇ ಮರಳೋಣ ಎಂದಿದ್ದಾರೆ. ದಿನಾ ಬೆಳಗ್ಗೆ ಬೆಳಕಿಗೆ ಹಿಡಿದು ಅದನ್ನೇ ನೋಡುತ್ತೇನೆ. ನಿನ್ನೆಗಿಂತ ಇವತ್ತು ತುಸು ತಿಳಿಯಾಗಿದೆ.