ಇಂಟರ್‌ಲಾಕ್ ಫುಟ್‌ಪಾತ್: ಬ್ಲಾಕ್ ಗಟ್ಟಿ, ತಳ ಪೊಳ್ಳು

ಬೆಂಗಳೂರಿನ ಬಡಾವಣೆಗಳಲ್ಲಿ ನಿವಾಸಿಗಳ ಬೇಡಿಕೆ ಪಟ್ಟಿ ತಯಾರಾದಾಗಲೆಲ್ಲ ಮೇಲಿನ ಸಾಲುಗಳಲ್ಲೇ ಫುಟ್‌ಪಾತ್ ಇರುತ್ತದೆ. ಮಂಜೂರಾಗಿ ಬರುವುದು ಬಹುಪಾಲು ಸಿಮೆಂಟಿನ ಇಂಟರ್‌ಲಾಕ್ ಬ್ಲಾಕ್. ಸರಕು ಒಳ್ಳೆಯದೇ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕುಸಿದು, ಕಾಲಿಟ್ಟರೆ ಕೆಸರು ಚಿಮ್ಮುವ ಫುಟ್‌ಪಾತ್‌ಗಳಲ್ಲಿ ತಪ್ಪು ಹೆಚ್ಚಾಗಿ ಬ್ಲಾಕಿನದಲ್ಲ, ಅದರ ಕೆಳಗೆ ಮಾಡದೆ ಬಿಟ್ಟ ಕೆಲಸದ್ದು.

ಮೊದಲು ಬ್ಲಾಕ್. ಇಂಥ ಬ್ಲಾಕುಗಳಿಗಿರುವ ಭಾರತೀಯ ಮಾನದಂಡ ಐಎಸ್ 15658ರ ಪ್ರಕಾರ ವಾಹನ ಓಡಾಡದ ಕಡೆ 50 ಮಿ.ಮೀ., ಹಗುರ ವಾಹನಗಳಿಗೆ 60, ಮಧ್ಯಮ ಸಂಚಾರಕ್ಕೆ 80 ಮಿ.ಮೀ. ದಪ್ಪ. ನಮ್ಮ ಫುಟ್‌ಪಾತ್ ಮೇಲೆ ಸ್ಕೂಟರ್ ಹತ್ತುತ್ತದೆ, ಗೇಟಿನ ಮುಂದೆ ಕಾರು ಹಾಯುತ್ತದೆ. ಆದ್ದರಿಂದ ಎಲ್ಲೆಡೆ 60, ಗೇಟುಗಳ ಎದುರು 80 ಎಂದು ಕೇಳಿ ಬರೆಸಿಕೊಳ್ಳಬೇಕು. 200x100x60 ಮಿ.ಮೀ. ಅಳತೆಯ ಬ್ಲಾಕ್ ಸುಮಾರು 2.9 ಕೆ.ಜಿ. ತೂಗಬೇಕು. ತಕ್ಕಡಿಯಲ್ಲಿ ಎರಡೂವರೆ ಕೆ.ಜಿ. ಬಂದರೆ ಒಳಗೆ ಪೊಳ್ಳು ಇದೆ ಎಂದೇ ಅರ್ಥ, ಆ ಲೋಡು ಇಳಿಸಿಕೊಳ್ಳಬಾರದು. ಚದರ ಮೀಟರಿಗೆ ಇಂಥ 50 ಬ್ಲಾಕ್ ಬೇಕು. 1.8 ಮೀಟರ್ ಅಗಲ, 100 ಮೀಟರ್ ಉದ್ದದ ಫುಟ್‌ಪಾತ್‌ಗೆ 9,000. ಬಿಲ್ಲನ್ನು ಈ ಲೆಕ್ಕಕ್ಕೆ ಹೋಲಿಸಿ ನೋಡುವುದು ಕಷ್ಟವೇನಲ್ಲ.

ಇನ್ನು ತಳ. ಮಣ್ಣು ತೆಗೆದು, ನೀರು ಹಾಕಿ ದಮ್ಮಸ್ಸು ಮಾಡಿ, ಅದರ ಮೇಲೆ 100ರಿಂದ 150 ಮಿ.ಮೀ. ಜಲ್ಲಿ ಮಿಶ್ರಣ ಹರಡಿ ಮತ್ತೆ ಬಿಗಿಯಾಗಿ ದಮ್ಮಸ್ಸು ಮಾಡಬೇಕು. ಇಲ್ಲೇ ಕೆಲಸ ಕೆಡುವುದು. ಅಗೆದಾಗ ಬಂದ ಇಟ್ಟಿಗೆ ಚೂರು, ಒಡೆದ ಕಾಂಕ್ರೀಟನ್ನೇ ಹಳ್ಳಕ್ಕೆ ತುಂಬಿ ಮೇಲೆ ಮರಳು ಎಳೆದುಬಿಡುತ್ತಾರೆ. ಮಳೆ ನೀರು ಇಳಿದಂತೆ ಮರಳು ಆ ಸಂದಿಗಳಿಗೆ ಜಾರುತ್ತದೆ, ಬ್ಲಾಕ್ ಅದರ ಹಿಂದೆಯೇ ಇಳಿಯುತ್ತದೆ. ಹಾಸುವ ಮರಳು ದಪ್ಪ ಕಣದ್ದಿರಬೇಕು, 30 ಮಿ.ಮೀ. ಸಾಕು. ಕೆಳಗಿನ ಏರುಪೇರು ಮುಚ್ಚಲು ಮರಳನ್ನೇ ಮೂರು ನಾಲ್ಕು ಇಂಚು ಸುರಿದರೆ ಒಂದೇ ಮಳೆಗೆ ಅಲೆಯಲೆಯಾಗುತ್ತದೆ. ಅಗ್ಗವೆಂದು ಕ್ರಷರ್ ಪುಡಿ ಹಾಕಿದರೆ ಅದು ನೀರು ಹಿಡಿದುಕೊಂಡು ಕೆಸರಾಗುತ್ತದೆ, ಪಾದ ಬಿದ್ದಾಗ ಚಿಮ್ಮುವುದು ಅದೇ.

ಎರಡೂ ಅಂಚಿನ ಕರ್ಬ್ ಕಲ್ಲು ಕಾಂಕ್ರೀಟಿನಲ್ಲಿ ಕೂತು ಗಟ್ಟಿಯಾದ ಮೇಲೆಯೇ ಬ್ಲಾಕ್ ಜೋಡಿಸಬೇಕು. ಅಂಚು ಹಿಡಿದಿರದಿದ್ದರೆ ಇಂಟರ್‌ಲಾಕ್ ಎಂಬ ಹೆಸರಿಗೆ ಅರ್ಥವಿಲ್ಲ, ಸಾಲುಗಳು ಹೊರಕ್ಕೆ ಸರಿದು ಸಂದು ಬಾಯಿ ಬಿಡುತ್ತವೆ. ಸಂದು 2ರಿಂದ 4 ಮಿ.ಮೀ. ಇರಲಿ. ಬ್ಲಾಕುಗಳನ್ನು ಅದುರಿಸಿ ಕೂರಿಸುವ ಪ್ಲೇಟ್ ವೈಬ್ರೇಟರ್ ಯಂತ್ರ ಓಡಿಸಿ, ಒಣಗಿದ ಸಣ್ಣ ಮರಳನ್ನು ಪೊರಕೆಯಿಂದ ಸಂದಿಗೆ ತುಂಬಿ, ಮತ್ತೊಮ್ಮೆ ಓಡಿಸಬೇಕು. ಸಂದಿಗೆ ಸಿಮೆಂಟ್ ಹಾಲು ಸುರಿಯಲು ಬಿಡಲೇಬಾರದು. ನಾಳೆ ಕೇಬಲ್ಲಿಗೋ ನೀರಿನ ಪೈಪಿಗೋ ಅಗೆಯುವಾಗ ಬ್ಲಾಕುಗಳನ್ನು ಎತ್ತಿ ಮತ್ತೆ ಕೂರಿಸಬಹುದು ಎಂಬುದೇ ಈ ಸರಕಿನ ದೊಡ್ಡ ಗುಣ, ಸಿಮೆಂಟ್ ಹಾಕಿದರೆ ಆ ಗುಣವೇ ಸತ್ತಿತು.

ನಗರದೊಳಗೆ ಟೆಂಡರ್‌ಶ್ಯೂರ್ ಎಂಬ ಯೋಜನೆಯಲ್ಲಿ ಹೊಸದಾಗಿ ಮಾಡಿದ ರಸ್ತೆಗಳು ಈ ಅಗೆತದ ಸಮಸ್ಯೆಗೇ ಕೈ ಹಾಕಿದವು: ಕೇಬಲ್ಲು, ಪೈಪುಗಳಿಗೆ ಮೊದಲೇ ಡಕ್ಟ್, ಅಲ್ಲಲ್ಲಿ ಇಳಿದು ನೋಡಲು ಚೇಂಬರ್. ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ನಡೆದವರಿಗೆ ವ್ಯತ್ಯಾಸ ಗೊತ್ತು. ಅಷ್ಟು ಖರ್ಚು ಬಡಾವಣೆಯ ಅಡ್ಡರಸ್ತೆಗೆ ಸಿಗಲಾರದು. ಆದರೆ ಫುಟ್‌ಪಾತ್ ಅಡಿ ಎರಡು ಖಾಲಿ ಪಿವಿಸಿ ಪೈಪು ಹೂಳಿಡಿ ಎಂಬ ಬೇಡಿಕೆ ದೊಡ್ಡದಲ್ಲ. ಗ್ರಾನೈಟ್ ಕಲ್ಲೇ ಬೇಕು ಎನ್ನುವವರು ಚರ್ಚ್ ಸ್ಟ್ರೀಟ್ ನೋಡಬೇಕು. 2018ರಲ್ಲಿ ತೆರೆದ ಆ ಸುಂದರ ಕಲ್ಲುಹಾಸಿನಲ್ಲೂ ವಾಹನಗಳ ಓಡಾಟಕ್ಕೆ ಕಲ್ಲುಗಳು ಸಡಿಲಾದವು. ಮೇಲಿನ ಸರಕು ಬದಲಾದ ಮಾತ್ರಕ್ಕೆ ತಳದ ನಿಯಮ ಬದಲಾಗುವುದಿಲ್ಲ.

ಅಳತೆಯಲ್ಲಿ ರಾಜಿ ಬೇಡ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಾದಚಾರಿಗಳಿಗಾಗಿ ಹೊರಡಿಸಿದ ಮಾರ್ಗಸೂಚಿ ಐಆರ್‌ಸಿ 103ರ ಪ್ರಕಾರ ವಸತಿ ಪ್ರದೇಶದಲ್ಲಿ ನಡೆಯಲು ಅಡೆತಡೆಯಿಲ್ಲದ 1.8 ಮೀಟರ್ ಅಗಲ ಬೇಕು, ಕರ್ಬ್ 150 ಮಿ.ಮೀ.ಗಿಂತ ಎತ್ತರವಿರಬಾರದು. ಒಂದಡಿ ಎತ್ತರದ ಫುಟ್‌ಪಾತ್ ಇದ್ದರೆ ಮಂಡಿನೋವಿನ ಅಜ್ಜಿ ರಸ್ತೆಯಲ್ಲೇ ನಡೆಯುತ್ತಾರೆ, ಕಟ್ಟಿದ್ದು ಯಾರಿಗಾಗಿ? ತಿರುವಿನಲ್ಲಿ 1:12 ಇಳಿಜಾರು, ಅಂದರೆ 150 ಮಿ.ಮೀ. ಎತ್ತರಕ್ಕೆ 1.8 ಮೀಟರ್ ಉದ್ದದ ರ್‍ಯಾಂಪ್. ಮನೆಯ ಗೇಟುಗಳ ಎದುರು ಫುಟ್‌ಪಾತ್ ತಗ್ಗಬಾರದು, ಕಾರೇ ಹತ್ತಿ ಇಳಿಯಲಿ. ಸ್ಕೂಟರ್ ತಡೆಯಲು ಬೊಲ್ಲಾರ್ಡ್ ಎಂಬ ಗಿಡ್ಡ ಕಂಬ ನೆಟ್ಟರೆ ಗಾಲಿಕುರ್ಚಿಗೆ ಕನಿಷ್ಠ 90 ಸೆಂ.ಮೀ. ಬಿಡಬೇಕು, ಅದರಲ್ಲಿ ಸ್ಕೂಟರೂ ನುಸುಳುತ್ತದೆ. ದಂಡ ಹಾಕದೆ ಕಂಬವೊಂದೇ ಅದನ್ನು ತಡೆಯದು.

ಹೂವು, ತರಕಾರಿ ಮಾರುವವರನ್ನು ಎಬ್ಬಿಸಿ ಎಂಬ ಸಾಲು ಇಂಥ ಮನವಿಗಳಲ್ಲಿ ಹಲವು ಬಾರಿ ಸೇರಿಕೊಳ್ಳುತ್ತದೆ. ಅದನ್ನು ತೆಗೆಯಬೇಕು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಜೀವನೋಪಾಯವನ್ನು ರಕ್ಷಿಸುತ್ತದೆ. ಮರ, ಕಂಬಗಳ ಸಾಲಿನಲ್ಲಿ, 1.8 ಮೀಟರಿನ ಆಚೆಗೆ ಅವರಿಗೆ ಜಾಗ ಗುರುತಿಸಿದರೆ ನಡೆಯುವವರಿಗೆ ತೊಂದರೆಯಿಲ್ಲ, ಸಂಜೆ ಬೀದಿಯಲ್ಲಿ ಬೆಳಕೂ ಜನವೂ ಇರುತ್ತಾರೆ.

ಕೊನೆಯ ಬಿಲ್ಲಿಗೆ ಸಹಿ ಬೀಳುವ ಮುಂಚೆ ಒಂದು ಟ್ಯಾಂಕರ್ ನೀರು ಹರಿಸಿ ನೋಡಬೇಕು. ಅಗಲದುದ್ದಕ್ಕೂ ನೂರಕ್ಕೆ ಎರಡರ ಇಳಿಜಾರು ಇದ್ದರೆ, ಅಂದರೆ 1.8 ಮೀಟರಿಗೆ 36 ಮಿ.ಮೀ., ನೀರು ಚರಂಡಿಗೆ ಓಡುತ್ತದೆ. ನಿಂತಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಅಷ್ಟು ಬ್ಲಾಕುಗಳನ್ನು ಎತ್ತಿಸಿ, ಮಟ್ಟ ಸರಿಮಾಡಿಸಿ ಮತ್ತೆ ಹಾಸಿಸಬೇಕು.