ಜಾಣ ಕಾರು, ಸಾದಾ ಕಾರು: ಒಂದು ಮಳೆಗಾಲದ ಅದಲುಬದಲು

ಎರಡು ವಿದ್ಯುತ್ ಕಾರುಗಳ ಮಾಹಿತಿ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಬೀಳುವುದು ನಾಲ್ಕೇ ಅಂಕಿ. ಬ್ಯಾಟರಿ ಎಷ್ಟು ಯೂನಿಟ್ಟಿನದು, ಒಮ್ಮೆ ತುಂಬಿಸಿದರೆ ಎಷ್ಟು ದೂರ, ಸೊನ್ನೆಯಿಂದ ನೂರರ ವೇಗಕ್ಕೆ ಎಷ್ಟು ಸೆಕೆಂಡು, ಬೆಲೆ ಎಷ್ಟು. ನನ್ನ ಕಾರಿಗೂ ಭಾವನ ಕಾರಿಗೂ ಮೊದಲ ಮೂರರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೂ ಮಳೆಗಾಲ ಪೂರ್ತಿ ಅದಲುಬದಲು ಮಾಡಿಕೊಂಡು ಓಡಿಸಿದ ಮೇಲೆ ಇವೆರಡೂ ಒಂದೇ ಜಾತಿಯವು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ನನ್ನದು ನೀಲಿ. ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನ ಉದ್ದಕ್ಕೂ ಪರದೆ, ಗಾಜಿನ ಚಾವಣಿ, ಮೈಯೊಳಗೆ ಅಡಗಿದ ಬಾಗಿಲ ಹಿಡಿಕೆ, ಮೊಬೈಲೇ ಕೀಲಿ. ಭಾವನದು ಬಿಳಿ. ಸಕಲೇಶಪುರದ ಆಚೆ ಕಾಫಿ ತೋಟದ ಮನೆಯಲ್ಲಿರುತ್ತದೆ. ಪೆಟ್ರೋಲ್ ಕಾರಿನ ಮೈಯನ್ನೇ ಇಟ್ಟುಕೊಂಡು ಒಳಗಿನ ಎಂಜಿನ್ ಮಾತ್ರ ತೆಗೆದು ಮೋಟಾರು ಕೂಡಿಸಿದ ಮಾದರಿ ಅದು. ಕಂಪೆನಿಗಳ ಹೆಸರು ಬರೆಯುತ್ತಿಲ್ಲ. ಬರೆದರೂ ಮುಂದಿನ ತಂತ್ರಾಂಶ ಬದಲಾವಣೆಯಲ್ಲಿ ನನ್ನ ಅರ್ಧ ದೂರುಗಳು ಮಾಯವಾಗಿ ಬೇರೆ ಅರ್ಧ ಹುಟ್ಟಿಕೊಂಡಿರುತ್ತವೆ.

ಬಾಗಿಲಿನಿಂದಲೇ ಶುರು ಮಾಡಬೇಕು. ಮೊಬೈಲು ಹತ್ತಿರ ಬಂದೊಡನೆ ನೀಲಿಯ ಹಿಡಿಕೆ ತಾನಾಗಿ ಹೊರಬರಬೇಕು. ಬರುತ್ತದೆ, ಮೊಬೈಲು ಎಚ್ಚರವಾಗಿದ್ದರೆ. ಬ್ಯಾಟರಿ ಉಳಿಸುವ ನೆಪದಲ್ಲಿ ಮೊಬೈಲು ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸಿಬಿಟ್ಟಿದ್ದರೆ ಕಾರಿನ ಮುಂದೆ ನಿಂತು, ಎರಡೂ ಕೈಯಲ್ಲಿರುವ ತರಕಾರಿ ಚೀಲವನ್ನು ಕೆಳಗಿಟ್ಟು, ಮೊಬೈಲು ತೆಗೆದು, ಆ್ಯಪ್ ತೆರೆದು, ಅದು ಕಾರನ್ನು ಹುಡುಕುವವರೆಗೆ ಕಾಯಬೇಕು. ಮಳೆಯಲ್ಲಿ ಇದು ಇನ್ನೂ ರಮ್ಯ. ಕಾರು ತೊಳೆಯುವ ಹುಡುಗನಿಗೆ ಕೊಡಲು ಬೇರೆ ಒಂದು ಕಾರ್ಡ್ ಇದೆ, ಅದನ್ನು ಕನ್ನಡಿಯ ಯಾವ ಬದಿಗೆ ತಾಗಿಸಬೇಕು ಎಂದು ಅವನಿಗೆ ಪ್ರತಿ ಸಲ ತೋರಿಸಬೇಕು. ಬಿಳಿಯ ಬಾಗಿಲಿಗೆ ಹಿಡಿಕೆ ಇದೆ, ಎಳೆದರೆ ತೆರೆಯುತ್ತದೆ. ಅದರ ಬಗ್ಗೆ ಬರೆಯಲು ಬೇರೇನೂ ಇಲ್ಲ. ಇಂಥ ಅಡಗು ಹಿಡಿಕೆಗಳನ್ನು ಊರಿಗೆಲ್ಲ ಹಂಚಿದ ಚೀನಾವೇ 2027ರ ಜನವರಿ 1ರಿಂದ ಹೊಸ ಮಾದರಿಗಳಿಗೆ ಒಳಗೂ ಹೊರಗೂ ಯಾಂತ್ರಿಕ ಹಿಡಿಕೆಯನ್ನು ಕಡ್ಡಾಯ ಮಾಡಿದೆ. ಅಪಘಾತದಲ್ಲಿ ವಿದ್ಯುತ್ ಕಡಿದುಹೋದರೆ ಹೊರಗಿನವರು ಯಾವುದನ್ನು ಹಿಡಿದು ಎಳೆಯಬೇಕು ಎಂಬುದು ಪ್ರಶ್ನೆ.

ಪರದೆಯ ಕಥೆಯೂ ಇದೇ. ನೀಲಿಯಲ್ಲಿ ಎಸಿಯ ಗಾಳಿ ಮುಖಕ್ಕೆ ಬರುತ್ತಿದ್ದರೆ ಕೈಯಿಂದ ರೆಕ್ಕೆ ತಿರುಗಿಸುವಂತಿಲ್ಲ, ಪರದೆಯ ಮೇಲೆ ಗಾಳಿಯ ಚಿತ್ರವನ್ನು ಬೆರಳಿನಿಂದ ಎಳೆಯಬೇಕು. ಮಂಜು ಕವಿದ ಗಾಜನ್ನು ತಿಳಿಯಾಗಿಸಲು ಎರಡು ಮೆನು ದಾಟಬೇಕು. ಶಿರಾಡಿ ಘಾಟಿಯ ದೋಣಿಗಾಲಿನ ತಿರುವಿನಲ್ಲಿ, ಎದುರಿನಿಂದ ಟ್ಯಾಂಕರ್ ಬರುತ್ತಿರುವಾಗ, ಆ ಎರಡು ಮೆನು ಬಹಳ ದೂರ. ಯುರೋಪಿನ ಸುರಕ್ಷತಾ ಪರೀಕ್ಷೆ ನಡೆಸುವ ಯೂರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಅಪಾಯದ ದೀಪ, ಹಾರ್ನ್, ವೈಪರ್, ತುರ್ತು ಕರೆ ಇಷ್ಟಕ್ಕಾದರೂ ಕೈಗೆ ಸಿಗುವ ಗುಂಡಿ ಇದೆಯೇ ಎಂದು ನೋಡಿ ಅಂಕ ಕೊಡುತ್ತದೆ. ಆ ಪಟ್ಟಿಗೆ ಗಾಜಿನ ಮಂಜನ್ನೂ ಸೇರಿಸಬೇಕಿತ್ತು. ಅದನ್ನು ಬರೆದವರು ಜುಲೈನಲ್ಲಿ ಶಿರಾಡಿ ಇಳಿದವರಲ್ಲ. ಬಿಳಿಯಲ್ಲಿ ಒಂದು ದುಂಡು ತಿರುಪು, ಒಂದು ಗುಂಡಿ. ಕಣ್ಣು ರಸ್ತೆಯ ಮೇಲೇ ಇರುತ್ತದೆ.

ಇಷ್ಟು ಓದಿದವರು ಬಿಳಿ ಗೆದ್ದಿತು ಎಂದುಕೊಳ್ಳಬಹುದು. ಘಾಟಿಗೆ ಬರೋಣ.

ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಜನರನ್ನೂ ಸಾಮಾನನ್ನೂ ಸೇರಿಸಿ ಎರಡು ಟನ್ ತೂಗುವ ಕಾರು 800 ಮೀಟರ್ ಏರಬೇಕಾದರೆ, ಗಾಳಿ, ಟೈರುಗಳ ತಡೆಯನ್ನೆಲ್ಲ ಬಿಟ್ಟು ಬರೀ ಎತ್ತುವ ಲೆಕ್ಕಕ್ಕೇ 4.4 ಯೂನಿಟ್ ವಿದ್ಯುತ್ ಬೇಕು. ಪೆಟ್ರೋಲ್ ಕಾರಿನಲ್ಲಿ ಇಳಿಯುವಾಗ ಈ ಶಕ್ತಿಯೆಲ್ಲ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ವಿದ್ಯುತ್ ಕಾರಿನಲ್ಲಿ ಮೋಟಾರು ಜನರೇಟರಾಗಿ ಅದರಲ್ಲಿ ದೊಡ್ಡ ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಶಿರಾಡಿ ಇಳಿಯುತ್ತ ಬ್ಯಾಟರಿಯ ಶೇಕಡಾವಾರು ಏರುವುದನ್ನು ಮೊದಲ ಸಲ ನೋಡಿದವರಿಗೆ ಆಗುವ ಸಂತೋಷವೇ ಬೇರೆ. ಆದರೆ ಬ್ಯಾಟರಿಯಲ್ಲಿ ಜಾಗವಿದ್ದರೆ ಮಾತ್ರ ಈ ಭಾಗ್ಯ.

ಇಲ್ಲಿ ಎರಡು ಕಾರುಗಳ ರಸಾಯನಶಾಸ್ತ್ರ ಬೇರೆಯಾಗುತ್ತದೆ. ಬಿಳಿಯ ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟಿನದು. ಅದರ ಸೆಲ್ ತುಂಬಿದ್ದರೂ ಅರ್ಧವಾಗಿದ್ದರೂ ವೋಲ್ಟೇಜು ಹೆಚ್ಚುಕಡಿಮೆ 3.2ರ ಆಸುಪಾಸಿನಲ್ಲೇ ನಿಲ್ಲುವುದರಿಂದ, ಒಳಗೆ ಎಷ್ಟು ಉಳಿದಿದೆ ಎಂದು ಕಾರಿನ ಕಂಪ್ಯೂಟರಿಗೆ ಸರಿಯಾಗಿ ತಿಳಿಯುವುದಿಲ್ಲ. ಹಾಗಾಗಿ ಆಗಾಗ ನೂರಕ್ಕೆ ನೂರು ತುಂಬಿಸಿ ಲೆಕ್ಕ ಸರಿಪಡಿಸಿಕೊಳ್ಳಿ ಎಂದು ಅದರ ಕೈಪಿಡಿ ಹೇಳುತ್ತದೆ. ಭಾವ ಆ ಮಾತನ್ನು ವ್ರತದಂತೆ ಪಾಲಿಸುವವನು. ರಾತ್ರಿ ನೂರು ತುಂಬಿಸಿ ಬೆಳಗ್ಗೆ ಮಂಗಳೂರಿಗೆ ಹೊರಟರೆ ಮನೆಯ ಗೇಟು ದಾಟಿದೊಡನೆ ಇಳಿಜಾರು, ಬ್ಯಾಟರಿಯಲ್ಲಿ ಎಳ್ಳಷ್ಟೂ ಜಾಗವಿಲ್ಲ. ಆಕ್ಸಿಲರೇಟರ್ ಬಿಟ್ಟರೆ ನಿನ್ನೆ ಸಂಜೆ ತಾನಾಗಿ ನಿಧಾನವಾಗುತ್ತಿದ್ದ ಕಾರು ಇಂದು ಸುಮ್ಮನೆ ಉರುಳುತ್ತದೆ. ಗೊತ್ತಿಲ್ಲದವರಿಗೆ ಎದೆ ಧಸಕ್ಕೆನ್ನುವ ಕ್ಷಣ ಅದು. ಘಾಟಿಯ ನೆತ್ತಿಯಲ್ಲಿ ಮನೆಯಿರುವವರು ಇಳಿಯುವ ದಿನ ತೊಂಬತ್ತಕ್ಕೆ ನಿಲ್ಲಿಸಿ, ಊರಲ್ಲೇ ಇರುವ ದಿನ ನೂರು ತುಂಬಿಸುವುದು ಒಳ್ಳೆಯದು.

ನೀಲಿಯದು ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಬ್ಯಾಟರಿ. ದಿನನಿತ್ಯಕ್ಕೆ ಎಂಬತ್ತು ಸಾಕು ಎಂದು ಅದೇ ನಿಲ್ಲಿಸುತ್ತದೆ, ಆದ್ದರಿಂದ ಇಳಿಜಾರಿಗೆ ಯಾವಾಗಲೂ ಜಾಗವಿರುತ್ತದೆ. ಒಂದೇ ಪೆಡಲಿನಲ್ಲಿ ಇಡೀ ಶಿರಾಡಿ ಇಳಿಯಬಹುದು. ತಿರುವಿನ ಮೊದಲು ಪಾದವನ್ನು ಕೊಂಚ ಎತ್ತಿದರೆ ಕಾರು ಹಿಡಿದು ನಿಲ್ಲಿಸಿದಂತೆ ನಿಧಾನವಾಗುತ್ತದೆ. ಓಡಿಸುವವನಿಗೆ ಇದಕ್ಕಿಂತ ಸುಖವಿಲ್ಲ. ಹಿಂದಿನ ಸೀಟಿನಲ್ಲಿ ಕೂತ ಅತ್ತೆಗೆ ಮಾತ್ರ ಹೊಟ್ಟೆ ತೊಳಸಿ ಗುಂಡ್ಯದಲ್ಲಿ ಇಳಿಸಬೇಕಾಯಿತು. ಆಮೇಲೆ ಮರಳಿ ಶಕ್ತಿ ಪಡೆಯುವ ಮಟ್ಟವನ್ನು ಕಡಿಮೆ ಮಾಡಿ ಓಡಿಸಿದೆ. ಪ್ರಯಾಣಿಕರಿದ್ದರೆ ಹಾಗೆಯೇ ಓಡಿಸಬೇಕು.

ಉಳಿದ ಶೇಕಡಾವಾರಿನ ನಂಬಿಕೆಯಲ್ಲೂ ನೀಲಿ ಮೇಲು. ಬಿಳಿ ಇಪ್ಪತ್ತೈದರ ಬಳಿ ಬಹಳ ಹೊತ್ತು ಹಾಗೇ ನಿಂತು, ಇದ್ದಕ್ಕಿದ್ದಂತೆ ಹದಿನೆಂಟು ತೋರಿಸುವುದುಂಟು. ಬ್ಯಾಟರಿ ಕೆಟ್ಟಿಲ್ಲ, ಲೆಕ್ಕ ತಪ್ಪಿದೆ ಅಷ್ಟೆ. ಚನ್ನರಾಯಪಟ್ಟಣ ದಾಟಿ ಕತ್ತಲಾದಾಗ ಈ ವ್ಯತ್ಯಾಸ ಯಾರಿಗೂ ಸಮಾಧಾನ ಕೊಡುವುದಿಲ್ಲ.

ಮನೆಯಲ್ಲಿ ಚಾರ್ಜ್ ಮಾಡುವುದು ಬೆಂಗಳೂರಿನಲ್ಲಿ ಮಾತಾಡುವ ವಿಷಯವೇ ಅಲ್ಲ, ಗೋಡೆಯ ಪೆಟ್ಟಿಗೆಯಿಂದ ಚಾರ್ಜಿಂಗ್ ಗನ್ ಎಳೆದು ಚುಚ್ಚಿ ಮಲಗಿದರೆ ಆಯಿತು. ತೋಟದ ಮನೆಯಲ್ಲಿ ಅದು ಬೇರೆಯೇ ಅಧ್ಯಾಯ. 15 ಆಂಪಿಯರಿನ ಸಾಕೆಟ್ಟು 230 ವೋಲ್ಟಿನಲ್ಲಿ ಸುಮಾರು ಮೂರೂವರೆ ಕಿಲೋವ್ಯಾಟ್ ಕೊಡಬೇಕು. ಸಾಲಿನ ಕೊನೆಯ ಮನೆಗೆ ಸಂಜೆ 180 ವೋಲ್ಟ್ ಬಂದರೆ ಅದು ಎರಡೂಮುಕ್ಕಾಲಿಗೆ ಇಳಿಯುತ್ತದೆ. ಖಾಲಿಯಾದ ದೊಡ್ಡ ಬ್ಯಾಟರಿ ತುಂಬಲು ರಾತ್ರಿಯೂ ಸಾಲದು, ಮರುದಿನ ಮಧ್ಯಾಹ್ನವೂ ಬೇಕು. ಮಳೆ ಹಿಡಿಯುವ ಮೊದಲು ನೀಲಿಯನ್ನು ಅಲ್ಲಿಗೆ ಒಯ್ದಾಗ ಅದರ ಚಾರ್ಜರು ಕೆಂಪು ದೀಪ ತೋರಿಸಿ ಮುಷ್ಕರ ಹೂಡಿತು. ಅರ್ಥಿಂಗ್ ಸರಿಯಿಲ್ಲ ಎಂಬುದು ಅದರ ತಕರಾರು. ಅದೇ ಸಾಕೆಟ್ಟಿನಲ್ಲಿ ಬಿಳಿಯದು ಮಾತಿಲ್ಲದೆ ಚಾರ್ಜ್ ಆಗುತ್ತಿತ್ತು. "ನೋಡು, ನಿನ್ನದು ಶೋಕಿ ಗಾಡಿ" ಎಂದು ಭಾವ ನಕ್ಕ. ಎಲೆಕ್ಟ್ರಿಷಿಯನ್ ಬಂದು ಅಳೆದು ನೋಡಿದರೆ ಅಂಗಳದ ಮೂಲೆಯ ಅರ್ಥಿಂಗ್ ಗುಂಡಿ ಒಣಗಿ ಬೂದಿಯಾಗಿತ್ತು. ಉಪ್ಪು, ಇದ್ದಿಲು ತುಂಬಿ, ನೀರು ಸುರಿದು, ತಂತಿ ಬದಲಿಸಿದ ಮೇಲೆ ನೀಲಿಗೆ ಹಸಿರು ಬಂತು. ಆ ಸಾಕೆಟ್ಟಿಗೇ ಹಿಂದೆ ನೀರು ಕಾಯಿಸುವ ಗೀಸರ್ ಹಾಕುತ್ತಿದ್ದರು ಎನ್ನುವುದನ್ನು ನೆನೆದರೆ ಇಬ್ಬರಲ್ಲಿ ಯಾವ ಕಾರು ಒಳ್ಳೆಯ ನೆಂಟ ಎಂಬ ಬಗ್ಗೆ ನನಗೆ ಅನುಮಾನವಿಲ್ಲ.

ರಸ್ತೆ ಬದಿಯ ವೇಗದ ಚಾರ್ಜಿಂಗಿನಲ್ಲಿ ಎರಡೂ ಸಮ. ಎರಡಕ್ಕೂ ಸಿಸಿಎಸ್-2 ಎಂಬ ಒಂದೇ ನಮೂನೆಯ ಗನ್, ಎಂಬತ್ತು ದಾಟಿದ ಮೇಲೆ ಎರಡೂ ಆಮೆ, ಎರಡಕ್ಕೂ ಮೊಬೈಲಿನಲ್ಲಿ ಕಂಪೆನಿಗೊಂದು ಆ್ಯಪ್, ಆ್ಯಪ್‌ಗೊಂದು ಹಣದ ಚೀಲ (ವಾಲೆಟ್), ಪ್ರತಿ ಚೀಲದಲ್ಲೂ ಹಿಂತಿರುಗಿ ಬಾರದ ಎಪ್ಪತ್ತೋ ಎಂಬತ್ತೋ ರೂಪಾಯಿ.

ತಾನೇ ಬ್ರೇಕು ಹಾಕುವ, ತಾನೇ ಲೇನು ಹಿಡಿಯುವ ವಿದ್ಯೆ ನೀಲಿಗೆ ಮಾತ್ರ ಗೊತ್ತು. ನೆಲಮಂಗಲದಿಂದ ಹಾಸನದವರೆಗಿನ ನಾಲ್ಕು ಪಥದಲ್ಲಿ ಅದು ನಿಜವಾದ ಉಪಕಾರ. ಮುಂದಿನ ಲಾರಿಯೊಡನೆ ಅಂತರ ಕಾಯ್ದುಕೊಂಡು ಹೋಗುತ್ತದೆ, ಮೊಣಕಾಲು ನೋಯುವುದಿಲ್ಲ. ಹಾಸನ ದಾಟಿದ ಮೇಲೆ ಆರಿಸಿಬಿಡುವುದು ಲೇಸು. ಗುಂಡಿ ತಪ್ಪಿಸಲು ಬಿಳಿ ಗೆರೆ ದಾಟಿದರೆ ಸ್ಟಿಯರಿಂಗನ್ನು ಮತ್ತೆ ಗುಂಡಿಯತ್ತ ಎಳೆಯುತ್ತದೆ. ರಸ್ತೆಯಲ್ಲಿ ಮಲಗಿದ ದನವನ್ನು ಪರದೆಯ ಮೇಲೆ ಒಮ್ಮೆ ಬೈಕು ಎಂದೂ ಒಮ್ಮೆ ಲಾರಿ ಎಂದೂ ಚಿತ್ರಿಸುತ್ತದೆ. ಮಂಜು ಇಳಿದರೆ, ಅಂದರೆ ಸಹಾಯ ನಿಜಕ್ಕೂ ಬೇಕಾದಾಗ, ಕ್ಯಾಮೆರಾ ಕಾಣುತ್ತಿಲ್ಲ ಎಂದು ರಜೆ ಹಾಕುತ್ತದೆ. ಚಾಲಕನ ಮುಖ ನೋಡುವ ಇನ್ನೊಂದು ಕ್ಯಾಮೆರಾ ಇದೆ. ಭಾವ ಆಕಳಿಸಿದಾಗ ಅದು ಕಾಫಿ ಲೋಟದ ಚಿತ್ರ ತೋರಿಸಿ ವಿರಾಮ ತೆಗೆದುಕೊಳ್ಳಿ ಎಂದಿತು. ಮೂರು ತಲೆಮಾರಿನಿಂದ ಕಾಫಿ ಬೆಳೆಯುವವನಿಗೆ ಕಾರು ಕಾಫಿ ಕುಡಿಯಲು ಹೇಳಿದ್ದನ್ನು ಅವನು ಇನ್ನೂ ಮರೆತಿಲ್ಲ. ಎಂಬತ್ತರ ವೇಗ ದಾಟಿದರೆ ಬೀಪ್ ಎನ್ನುವುದು ಮಾತ್ರ ಎರಡಕ್ಕೂ ಸಮಾನ. 2019ರ ಜುಲೈನಿಂದ ಅದು ದೇಶದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ.

ನೀಲಿಯ ದೊಡ್ಡ ಅವಮಾನ ಆದದ್ದು ತೋಟದ ಶೆಡ್ಡಿನಲ್ಲಿ. ವಿದ್ಯುತ್ ಕಾರಿನಲ್ಲಿಯೂ ಹಳೆಯ ಕಾಲದ 12 ವೋಲ್ಟಿನ ಚಿಕ್ಕ ಬ್ಯಾಟರಿ ಒಂದಿರುತ್ತದೆ. ಬಾಗಿಲು, ಪರದೆ, ಕಂಪ್ಯೂಟರ್ ಎಲ್ಲ ನಡೆಯುವುದು ಅದರಿಂದ. ದೊಡ್ಡ ಬ್ಯಾಟರಿಯ ಸ್ವಿಚ್ ಹಾಕುವುದೂ ಅದೇ. ಸದಾ ಸರ್ವರ್ ಜೊತೆ ಮಾತಾಡಲು ಹವಣಿಸುವ ಜಾಣ ಕಾರು ಸಿಗ್ನಲ್ ಕ್ಷೀಣವಿರುವ ಊರಿನಲ್ಲಿ ಮಲಗದೆ ಚಡಪಡಿಸಿತೋ ಏನೋ, ಒಂದು ಬೆಳಗ್ಗೆ ಆ ಚಿಕ್ಕ ಬ್ಯಾಟರಿ ಸತ್ತಿತ್ತು. ದೊಡ್ಡ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯುತ್ ಇದೆ, ಬಾಗಿಲು ತೆರೆಯುತ್ತಿಲ್ಲ. ಹಿಡಿಕೆಯ ಹಿಂದೆ ಬಚ್ಚಿಟ್ಟ ತೂತಿಗೆ ಉಕ್ಕಿನ ಕೀಲಿ ಹಾಕಿ ಒಳಹೊಕ್ಕು, ಮುಂದಿನ ಬಾನೆಟ್ ತೆರೆದು, ತೋಟದ ಹಳೆಯ ಡೀಸೆಲ್ ಜೀಪಿನಿಂದ ತಂತಿ ಎಳೆದು ಎಬ್ಬಿಸಬೇಕಾಯಿತು. ಬಿಳಿಯದೂ ಅದೇ ಶೆಡ್ಡಿನಲ್ಲಿ ಎಷ್ಟೋ ವಾರ ನಿಂತು ಕೀಲಿ ತಿರುಗಿಸಿದೊಡನೆ ಹೊರಟಿದೆ.

ಇಷ್ಟಾದರೂ ತೋಟದ ಮನೆಯ ಮತ ನೀಲಿಗೇ ಬಿತ್ತು, ಜುಲೈನ ಗಾಳಿಯಿಂದಾಗಿ. ಸಿಲ್ವರ್ ಓಕ್ ಮರಗಳು ತಂತಿಯ ಮೇಲೆ ಬಿದ್ದು ದಿನಗಟ್ಟಲೆ ವಿದ್ಯುತ್ ಇಲ್ಲದಾಯಿತು. ನೀಲಿಯ ಚಾರ್ಜಿಂಗ್ ಬಾಯಿಗೆ ಒಂದು ಅಡಾಪ್ಟರ್ ಚುಚ್ಚಿದರೆ ಕಾರೇ ಮನೆಗೆ ಕರೆಂಟು ಕೊಡುತ್ತದೆ. ದೀಪ, ಫ್ರಿಜ್, ಮೊಬೈಲು, ಇಂಟರ್ನೆಟ್ ಪೆಟ್ಟಿಗೆ, ಅತ್ತೆಯ ಮಿಕ್ಸಿ ಎಲ್ಲ ನಡೆದವು. ಮೂರು ದಿನಕ್ಕೆ ಬ್ಯಾಟರಿ ಕಾಲು ಭಾಗವೂ ಇಳಿಯಲಿಲ್ಲ. ಒಂದು ಅಶ್ವಶಕ್ತಿಯ ನೀರಿನ ಪಂಪು ಮಾತ್ರ ಒಪ್ಪಲಿಲ್ಲ. ಓಡುವಾಗ ಸುಮಾರು 750 ವ್ಯಾಟಿನ ಕೆಲಸ ಮಾಡುವ ಆ ಮೋಟಾರು ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುವುದರಿಂದ ಕಾರು ಪ್ರತಿ ಸಲ ಸಂಪರ್ಕ ಕಡಿದುಕೊಂಡಿತು. ಬಿಳಿಗೆ ಈ ಸೌಕರ್ಯವೇ ಇಲ್ಲ. ಕಾರಿನ ಬುದ್ಧಿಯನ್ನು ಬಾಗಿಲ ಹಿಡಿಕೆಗೆ ವ್ಯರ್ಥ ಮಾಡದೆ ಇಂಥ ಕಡೆ ಹಾಕಿದ್ದರೆ ನನ್ನ ಅರ್ಧ ಲೇಖನ ಬರೆಯಬೇಕಾಗಿರಲಿಲ್ಲ.

ಮಳೆ ಬಿಟ್ಟ ಮೇಲೂ ಭಾವ ನೀಲಿಯನ್ನು ಹಿಂದಿರುಗಿಸುವ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ಪೇಟೆಯವನಿಗೆ ಸಾದಾ ಕಾರು, ತೋಟದವನಿಗೆ ಜಾಣ ಕಾರು ಎಂಬ ತಲೆಕೆಳಗಾದ ಹಂಚಿಕೆ ಇಬ್ಬರಿಗೂ ಒಪ್ಪಿಗೆಯಾಗಿದೆ. ಬೆಲೆಯ ವ್ಯತ್ಯಾಸವನ್ನು ಕಾಫಿ ಮಾರಿದ ಮೇಲೆ ಕೊಡುತ್ತಾನಂತೆ. ನೀಲಿಯಲ್ಲಿ ಸ್ಟೆಪ್ನಿ ಇಲ್ಲ, ಪಂಕ್ಚರ್ ಅಂಟಿನ ಡಬ್ಬಿ ಮಾತ್ರ ಇದೆ ಎಂದು ಮೊದಲೇ ತಿಳಿಸಿದ್ದೇನೆ. ಟೈರಿನ ಪಕ್ಕೆ ಹರಿದರೆ ಆ ಅಂಟು ಉಪಯೋಗಕ್ಕೆ ಬರುವುದಿಲ್ಲ, ಚಕ್ರ ನೆಲಕ್ಕೆ ತಾಗಿಸಿ ಎಳೆದೊಯ್ದರೆ ಮೋಟಾರೂ ತಿರುಗುತ್ತದೆ, ಕಾರನ್ನು ಮೈಮೇಲೆ ಹೇರಿಕೊಂಡು ಹೋಗುವ ಲಾರಿಯೇ ಬರಬೇಕು. ಅವನು ಒಂದು ಸ್ಟೆಪ್ನಿ ಹುಡುಕಿಸುತ್ತಿದ್ದಾನೆ. ಆರ್‌ಟಿಒ ಕಾಗದಪತ್ರ ಸುಲಭವಾಗಿಯೇ ಆಗುತ್ತದೆ ಎಂದು ಕಾಣುತ್ತದೆ. ಆಗದಿರುವುದು ಆ್ಯಪ್. ಕಾರಿನ ಖಾತೆ ನನ್ನ ಮೊಬೈಲ್ ಸಂಖ್ಯೆಗೆ ಅಂಟಿಕೊಂಡಿದೆ, ಬಿಡಿಸಲು ಕೊಟ್ಟ ಅರ್ಜಿ ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ ಬೆಂಗಳೂರಿನ ಕಚೇರಿಯಲ್ಲಿ ಕೂತ ನನಗೆ, ಸಕಲೇಶಪುರದಲ್ಲಿ ಕಾರಿನ ಡಿಕ್ಕಿ ತೆರೆದೇ ಇದೆ ಎಂಬ ಸಂದೇಶ ಬರುತ್ತಿರುತ್ತದೆ. ಗೊಬ್ಬರದ ಚೀಲ ಇಳಿಸುತ್ತಿದ್ದೇನೆ, ಮುಚ್ಚುತ್ತೇನೆ ಎಂದು ಭಾವ ಫೋನಿನಲ್ಲಿ ರೇಗುತ್ತಾನೆ.