ಇಂಕ್‌ಬರ್ಡ್ ಐಟಿಸಿ-308: ಬಿಯರ್ ಹುದುಗಿಸಲು ತಕ್ಕ ನಿಯಂತ್ರಕ, ಸೆಟ್ಟಿಂಗ್ ಬದಲಿಸಿಕೊಂಡರೆ

ಐಟಿಸಿ-308 ಎರಡು ಸಾಕೆಟ್ ಇರುವ ತಾಪಮಾನ ನಿಯಂತ್ರಕ. ಒಂದಕ್ಕೆ ಹಳೆಯ ಫ್ರಿಜ್, ಇನ್ನೊಂದಕ್ಕೆ ಹೀಟ್ ಬೆಲ್ಟ್ ಸಿಕ್ಕಿಸಿ, ಉಷ್ಣತೆ ಅಳೆಯುವ ಪ್ರೋಬನ್ನು ಬಿಯರ್ ಹುದುಗುವ ಪಾತ್ರೆಯಾದ ಫರ್ಮೆಂಟರ್‌ಗೆ ಅಂಟಿಸಿದರೆ ಯೀಸ್ಟ್ ಕೇಳುವ ಉಷ್ಣತೆ ವಾರಗಟ್ಟಲೆ ಅಲ್ಲಾಡದೆ ನಿಲ್ಲುತ್ತದೆ. ಮನೆಯಲ್ಲಿ ಬಿಯರ್ ಮಾಡಲು ಶುರುಮಾಡಿದವರು ಮುಂದೆ ಯಾವುದಕ್ಕೆ ದುಡ್ಡು ಹಾಕಬೇಕು ಅಂದರೆ, ದೊಡ್ಡ ಪಾತ್ರೆಗಿಂತ ಮೊದಲು ಇದಕ್ಕೆ. ಆದರೆ ಡಬ್ಬದಿಂದ ತೆಗೆದ ಹಾಗೇ ಬಳಸಿದರೆ ಇದರಿಂದ ಸಿಗಬೇಕಾದ ಲಾಭದ ಅರ್ಧವೂ ಸಿಗದು.

ಯೀಸ್ಟ್ ಸಕ್ಕರೆ ತಿನ್ನುವಾಗ ಶಾಖ ಹೊಮ್ಮುತ್ತದೆ. 20 ಲೀಟರ್ ವರ್ಟ್ (ಇನ್ನೂ ಬಿಯರ್ ಆಗದ ಮಾಲ್ಟ್ ರಸ) ಜೋರಾಗಿ ಹುದುಗುತ್ತಿರುವಾಗ ಅದರ ಉಷ್ಣತೆ ಕೋಣೆಗಿಂತ 3ರಿಂದ 5 ಡಿಗ್ರಿ ಮೇಲಿರುವುದು ಸಾಮಾನ್ಯ. ಕೋಣೆ 21 ಡಿಗ್ರಿ ಇದೆ ಎಂದು ನೆಮ್ಮದಿಯಾಗಿ ಕೂತರೆ ಯೀಸ್ಟ್ ಆಗಲೇ 25ರಲ್ಲಿರುತ್ತದೆ. ಗಂಟಲು ಸುಡುವ ಫ್ಯೂಸೆಲ್ ಆಲ್ಕೋಹಾಲ್, ಅತಿಯಾದ ಹಣ್ಣಿನ ವಾಸನೆಯ ಎಸ್ಟರ್‌ಗಳು ಹೆಚ್ಚಾಗಿ ಹುಟ್ಟುವುದು ಯೀಸ್ಟ್ ತನ್ನ ಸಂಖ್ಯೆ ಬೆಳೆಸಿಕೊಳ್ಳುವ ಮೊದಲ ಎರಡು ಮೂರು ದಿನಗಳಲ್ಲಿ. ನಾಲ್ಕನೇ ದಿನ ತಣ್ಣಗೆ ಮಾಡಿದರೆ ಪ್ರಯೋಜನವಿಲ್ಲ. ಹಾಗಾಗಿ ವರ್ಟನ್ನು ಚಿಲ್ಲರ್‌ನಲ್ಲಿ ಪೂರ್ತಿ ತಣಿಸಿ, ನಿಯಂತ್ರಕವನ್ನು ಮೊದಲೇ ಚಾಲೂ ಮಾಡಿಟ್ಟು, ಆಮೇಲೆ ಯೀಸ್ಟ್ ಹಾಕಿ. 30 ಡಿಗ್ರಿಯ ವರ್ಟನ್ನು ಫ್ರಿಜ್ ಇಳಿಸಲಿ ಎಂದು ಬಿಟ್ಟರೆ ಅದಕ್ಕೆ ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಯೀಸ್ಟ್ ಬಿಸಿಯಲ್ಲೇ ಕೆಲಸ ಶುರುಮಾಡಿರುತ್ತದೆ.

ಈಗ ಸೆಟ್ಟಿಂಗ್. ಟಿಎಸ್ ಎಂದರೆ ನೀವು ಇಡುವ ಉಷ್ಣತೆ, ಎಚ್‌ಡಿ ಎಂದರೆ ಅದಕ್ಕಿಂತ ಎಷ್ಟು ಇಳಿದರೆ ಹೀಟರ್ ಹತ್ತಬೇಕು, ಸಿಡಿ ಎಂದರೆ ಎಷ್ಟು ಏರಿದರೆ ಫ್ರಿಜ್ ಓಡಬೇಕು ಎಂಬ ಅಂಕಿ. ಕಾರ್ಖಾನೆಯಿಂದ ಬರುವಾಗ ಎಚ್‌ಡಿ, ಸಿಡಿ ಎರಡೂ 2 ಡಿಗ್ರಿಯಲ್ಲಿರುತ್ತವೆ. ಟಿಎಸ್ 18 ಇಟ್ಟರೆ 20 ಮುಟ್ಟುವವರೆಗೆ ಫ್ರಿಜ್ ಓಡುವುದಿಲ್ಲ, 16ಕ್ಕೆ ಇಳಿಯುವವರೆಗೆ ಹೀಟರ್ ಹತ್ತುವುದಿಲ್ಲ. ನಾಲ್ಕು ಡಿಗ್ರಿ ತೂಗಾಟ ಬಿಯರ್‌ಗೆ ತುಂಬಾ ಹೆಚ್ಚು. ಸಿಡಿ 0.5, ಎಚ್‌ಡಿ 1.0 ಮಾಡಿಕೊಳ್ಳಿ. ಎರಡನ್ನೂ 0.3ಕ್ಕೆ ಇಳಿಸುವ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಬೇಡ. ಟಿಎಸ್ ಮುಟ್ಟಿದಾಗ ಫ್ರಿಜ್ ಆಫ್ ಆದರೂ ಒಳಗಿನ ಗಾಳಿ, ಗೋಡೆ ತಣ್ಣಗೇ ಇರುತ್ತವೆ. ಬಿಯರ್ ಇನ್ನೂ ಒಂದಿಷ್ಟು ಇಳಿದು 17.7 ಆಗುತ್ತದೆ. ಎಚ್‌ಡಿ 0.3 ಇದ್ದರೆ ಅಲ್ಲೇ ಹೀಟರ್ ಹತ್ತಿ, ಅದರ ಬಿಸಿಗೆ ಮತ್ತೆ ಫ್ರಿಜ್ ಓಡಿ, ಎರಡೂ ರಾತ್ರಿಯಿಡೀ ಒಂದರ ಮೇಲೊಂದು ಜಗಳ ಆಡುತ್ತವೆ. ಮೆನುವಿಗೆ ಹೋಗಲು ಸೆಟ್ ಗುಂಡಿಯನ್ನು ಮೂರು ಸೆಕೆಂಡ್ ಒತ್ತಿ ಹಿಡಿಯಬೇಕು, ಉಳಿಸಲೂ ಹಾಗೆಯೇ. ಹತ್ತು ಸೆಕೆಂಡ್ ಏನೂ ಒತ್ತದಿದ್ದರೆ ಬದಲಾವಣೆ ಉಳಿಸದೆ ಹೊರಬರುತ್ತದೆ. ಸೆಟ್ಟಿಂಗ್ ನಿಲ್ಲುತ್ತಿಲ್ಲ ಎಂಬ ದೂರಿಗೆ ಬಹುಪಾಲು ಇದೇ ಕಾರಣ.

ಪ್ರೋಬ್ ಎಲ್ಲಿಡಬೇಕು ಎಂಬುದು ಸೆಟ್ಟಿಂಗ್‌ಗಿಂತ ಮುಖ್ಯ. ಗಾಳಿಯಲ್ಲಿ ನೇತುಹಾಕಿದರೆ ಇದು ಫ್ರಿಜ್ಜಿನ ಗಾಳಿಯನ್ನು 18ರಲ್ಲಿ ಚಂದವಾಗಿ ಇಡುತ್ತದೆ, ಒಳಗೆ ಬಿಯರ್ 22ರಲ್ಲಿರುತ್ತದೆ. ಬಾಗಿಲು ತೆರೆದಾಗಲೆಲ್ಲ ಕಂಪ್ರೆಸರ್ ಓಡುವುದು ಬೇರೆ. ಥರ್ಮೋವೆಲ್ (ಪ್ರೋಬ್ ಇಳಿಸಲು ಫರ್ಮೆಂಟರ್ ಒಳಗಿರುವ ಕೊಳವೆ) ಇದ್ದರೆ ಅದರೊಳಗೆ ಇಳಿಸಿ. ಇಲ್ಲದಿದ್ದರೆ ಫರ್ಮೆಂಟರ್‌ನ ಹೊರಮೈಗೆ, ದ್ರವದ ಮಟ್ಟದ ನಡುವಿಗೆ ಬರುವಂತೆ ಟೇಪಿನಿಂದ ಒತ್ತಿ ಅಂಟಿಸಿ, ಮೇಲೆ ಒಂದೆರಡು ಇಂಚು ದಪ್ಪದ ಫೋಮ್ ಕಟ್ಟಿ. ಫೋಮ್ ಇಲ್ಲದ ಪ್ರೋಬ್ ಅರ್ಧ ಗೋಡೆಯನ್ನೂ ಅರ್ಧ ಗಾಳಿಯನ್ನೂ ಅಳೆಯುತ್ತದೆ. ಹೀಟ್ ಬೆಲ್ಟ್‌ನಿಂದ ದೂರವಿರಲಿ. ಟೇಪ್ ಬಿಟ್ಟು ಪ್ರೋಬ್ ಕೆಳಗೆ ಬಿದ್ದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ವೈರನ್ನು ಇನ್ನೊಂದು ಕಡೆಯೂ ಕಟ್ಟಿಡಿ.

ಪಿಟಿ ಎಂದರೆ ಕಂಪ್ರೆಸರ್ ಆಫ್ ಆದ ಮೇಲೆ ಮತ್ತೆ ಓಡಲು ಕಾಯುವ ಸಮಯ. ಬರುವಾಗ 3 ನಿಮಿಷ ಇರುತ್ತದೆ, 10ರವರೆಗೆ ಏರಿಸಬಹುದು. ಹಳೆಯ ಫ್ರಿಜ್‌ಗೆ 5 ಇಡಿ: ಗ್ಯಾಸಿನ ಒತ್ತಡ ಸಮವಾಗುವ ಮುನ್ನ ಓಡಿಸಿದರೆ ಮೋಟಾರ್ ತಿರುಗದೆ ಬಿಸಿಯಾಗುತ್ತದೆ. ಫ್ರಿಜ್ಜಿನ ಸ್ವಂತ ಥರ್ಮೋಸ್ಟಾಟನ್ನು ಅತಿ ತಣ್ಣಗಿನ ಅಂಕಿಗೆ ತಿರುಗಿಸಿಡಬೇಕು. ತಿರುಗುವ ಗುಂಡಿಯ ಸಾದಾ ಫ್ರಿಜ್ ಇದಕ್ಕೆ ಹೇಳಿ ಮಾಡಿಸಿದ್ದು. ಎಲೆಕ್ಟ್ರಾನಿಕ್ ಬೋರ್ಡಿನವು ಕೆಲವು ಕರೆಂಟ್ ಬಂದ ಕೂಡಲೇ ಓಡುವುದಿಲ್ಲ, ಕೊಳ್ಳುವ ಮುನ್ನ ಪ್ಲಗ್ ತೆಗೆದು ಹಾಕಿ ನೋಡಿ. ಬಿಸಿಗೆ 25-40 ವ್ಯಾಟಿನ ಬೆಲ್ಟ್ ಸಾಕು. ಗಾಜಿನ ಫರ್ಮೆಂಟರ್ ಪಕ್ಕ ಬಲ್ಬ್ ಉರಿಸಬೇಡಿ, ಬೆಳಕು ತಾಗಿದರೆ ಹಾಪ್ಸ್‌ನ ಕಹಿ ಅಂಶ ಒಡೆದು ಬಿಯರ್ ನಾರುತ್ತದೆ.

ಹೀಟರ್ ಯಾಕೆ ಬೇಕು ಎಂದು ಕೇಳುವವರಿಗೆ ತಂಪಿನಲ್ಲಿ ಹುದುಗಿಸುವ ಲಾಗರ್ ಬಿಯರ್ ಉತ್ತರ ಕೊಡುತ್ತದೆ. ಡಬ್ಲ್ಯು-34/70 ಎಂಬ ಲಾಗರ್ ಯೀಸ್ಟನ್ನು 12 ಡಿಗ್ರಿಯಲ್ಲಿ ನಡೆಸಿ, ಗುರುತ್ವ (ಸಕ್ಕರೆ ಎಷ್ಟು ಉಳಿದಿದೆ ಎಂದು ಹೈಡ್ರೋಮೀಟರ್ ತೋರಿಸುವ ಅಂಕಿ) ಕೊನೆಯ ಅಂಕಿಗಿಂತ ನಾಲ್ಕೈದು ಪಾಯಿಂಟ್ (0.004-0.005) ಮೇಲಿರುವಾಗ ಟಿಎಸ್ಸನ್ನು 16ಕ್ಕೆ ಏರಿಸಿ ಎರಡು ಮೂರು ದಿನ ಬಿಡಬೇಕು. ಬೆಣ್ಣೆಯ ವಾಸನೆ ಕೊಡುವ ಡಯಾಸಿಟೈಲನ್ನು ಯೀಸ್ಟ್ ಆಗ ಮತ್ತೆ ಹೀರಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಹುದುಗುವಿಕೆಯ ಸ್ವಂತ ಬಿಸಿ ಇಳಿದಿರುತ್ತದೆ, ತಂಪು ಕೋಣೆಯಲ್ಲಿ ಹೀಟರ್ ಇಲ್ಲದೆ ಏರದು. ಲಾಗರ್‌ಗಿಂತ ಬೆಚ್ಚಗೆ ಹುದುಗುವ ಏಲ್‌ನಲ್ಲೂ ಅಷ್ಟೇ: 18ರಲ್ಲಿ ಶುರುಮಾಡಿ ಮೂರನೇ ದಿನದಿಂದ ದಿನಕ್ಕೊಂದು ಡಿಗ್ರಿ ಏರಿಸಿ 21ಕ್ಕೆ ತಂದರೆ ಯೀಸ್ಟ್ ಸುಸ್ತಾಗಿ ತಳ ಸೇರದೆ ಕೆಲಸ ಮುಗಿಸುತ್ತದೆ. ಕೊನೆಯಲ್ಲಿ 2 ಡಿಗ್ರಿಗೆ ಇಳಿಸುವಾಗ ಹೀಟರ್ ಪ್ಲಗ್ ಕಿತ್ತುಬಿಡಿ, ಗ್ಯಾಸ್ ಹೊರಬಿಡುವ ಏರ್‌ಲಾಕಿನ ನೀರು ಒಳಗೆ ಎಳೆಯದಂತೆ ನೋಡಿಕೊಳ್ಳಿ.

ಕೊರತೆಗಳೂ ಇವೆ. ಉಷ್ಣತೆ ತೀರಾ ಇಳಿದಾಗ, ಏರಿದಾಗ ಬರುವ ಎಎಲ್, ಎಎಚ್ ಎಂಬ ಎಚ್ಚರಿಕೆಗಳು ಬರೀ ಬೀಪ್ ಅನ್ನುತ್ತವೆ. ಫ್ರಿಜ್ ದೂರದ ಕೋಣೆಯಲ್ಲಿದ್ದರೆ ಯಾರಿಗೂ ಕೇಳದು. ಅಂಥವರು ವೈ-ಫೈ ಇರುವ ಮಾದರಿಯನ್ನೇ ಕೊಳ್ಳುವುದು ಮೇಲು. ಕರೆಂಟ್ ಹತ್ತಿಸಿ ಆರಿಸುವ 10 ಆಂಪಿಯರ್ ರಿಲೇ ಸಣ್ಣ ಫ್ರಿಜ್‌ಗೆ ಸಾಕು, ಆದರೆ ಕಂಪ್ರೆಸರ್ ಎದ್ದೇಳುವಾಗ ಓಡುವಾಗಿನದರ ಹಲವು ಪಟ್ಟು ಕರೆಂಟ್ ಎಳೆಯುವುದರಿಂದ ದೊಡ್ಡ ಫ್ರೀಜರ್ ಹಾಕಿದರೆ ರಿಲೇ ಅಂಟಿಕೊಳ್ಳುವ ಅಪಾಯವಿದೆ. ಅಂಟಿಕೊಂಡರೆ ತಂಪು ನಿಲ್ಲುವುದೇ ಇಲ್ಲ, ಬಿಯರ್ ಗಟ್ಟಿಯಾಗುತ್ತದೆ. ಪ್ರೋಬ್ ಒಂದು ಡಿಗ್ರಿಯಷ್ಟು ತಪ್ಪು ತೋರಿಸಬಹುದು: ನಂಬಿಕೆಯ ಥರ್ಮಾಮೀಟರ್ ಜೊತೆಗೆ 18-20 ಡಿಗ್ರಿ ನೀರಿನಲ್ಲಿ ಐದು ನಿಮಿಷ ಇಟ್ಟು, ವ್ಯತ್ಯಾಸವನ್ನು ಸಿಎ ಎಂಬ ತಿದ್ದುಪಡಿ ಸೆಟ್ಟಿಂಗಿನಲ್ಲಿ ತುಂಬಿಸಿ. ಐಸ್ ನೀರಿನಲ್ಲಿ ಮಾತ್ರ ಪರೀಕ್ಷಿಸಿದರೆ ಸೊನ್ನೆಯ ಬಳಿ ಸರಿಯಾಗುತ್ತದೆ, ನೀವು ಹುದುಗಿಸುವ ಉಷ್ಣತೆಯಲ್ಲಿ ಸರಿಯಿದೆ ಎಂಬ ಭರವಸೆ ಇರುವುದಿಲ್ಲ.